ಯಾರಿಗೂ ಹೇಳಬಾರದಾಗಿದ್ದ ದಂಡೆ

ಮೊನ್ನೆ ರವಿವಾರ ನನ್ನ ಹೆಂಡತಿ ದೊಡ್ಡ ಜಮಖಾನವನ್ನು ಕೈಗೆ ಕೊಟ್ಟು ಬಿಸಿಲಿಗೆ ಹಾಕಿ ಬರಲು ಹೇಳಿದಳು. ಮಾಳಿಗೆಗೆ ಒಯ್ದು ಎರಡು ಸಲ ಜಾಡಿಸಿದೆ. ಉಸುಕು ಉದುರಿತು. ನಮ್ಮ ಮನೆಯ ಜಮಖಾನ ಜಾಡಿಸಿದರೆ ಚುರುಮುರಿ ಉದುರಬೇಕು, ಶೇಂಗಾದ ಸಿಪ್ಪೆ ಉದುರಬೇಕು. ಇದು ಸಮುದ್ರದ ಉಸುಕು. ಒಂದು ಅಂಚಿನಲ್ಲಿ ಕಾರಿನ ಗಾಲಿಯ ಅಚ್ಚು ಕೂಡ ಹಾಗೇ ಕೂತಿತ್ತು. ಇಷ್ಟು ದಿನ ಯಾಕೆ ಒಗೆದಿಲ್ಲ ಎಂದು ಕೇಳಬೇಡಿ. ವಾರಕ್ಕೊಮ್ಮೆ ನಳದ ನೀರು ಬರುವ ಊರಿನಲ್ಲಿ ಜಮಖಾನದ ಸರದಿ ಯಾವಾಗಲೂ ಕೊನೆಗೆ. ಅಲ್ಲೇ ನೀರಿನ ಟಾಕಿಯ ನೆರಳಿನಲ್ಲಿ ಕೂತುಬಿಟ್ಟೆ. ಇತ್ತೀಚೆಗೆ ನನಗೆ ಎಲ್ಲಿ ಬೇಕಾದರೂ ಕೂರುವ ಚಟ ಹತ್ತಿದೆ, ಬೇಗ ದಣಿವಾಗುತ್ತದೆ.

ದಣಿವಿಗೆ ವಯಸ್ಸೊಂದೇ ಕಾರಣವಲ್ಲ. ಶುಕ್ರವಾರ ಸಂಜೆಯಾದರೆ ಸಾಕು, ನನ್ನ ಫೋನು ಬಡಿದುಕೊಳ್ಳುತ್ತದೆ. "ಸರ, ಆ ದಂಡಿಗೆ ಹೋಗೂ ದಾರಿ ಒಂದೀಟು ಹೇಳ್ರಿ." "ಕಾಕಾ, ಲೊಕೇಶನ್ ಕಳಸ್ರಲಾ." ಕೇಳುವವರಲ್ಲಿ ಅರ್ಧ ಜನ ಯಾರೆಂದು ನನಗೆ ಗೊತ್ತಿರುವುದಿಲ್ಲ. ಹುಬ್ಬಳ್ಳಿಯಿಂದ ಸಮುದ್ರ ನಾಲ್ಕು ತಾಸಿನ ದಾರಿ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಟ್ಟ ಇಳಿದರೆ ಮುಗಿಯಿತು. ಹಿಂದೆಲ್ಲ ನಮ್ಮವರು ವರ್ಷಕ್ಕೊಮ್ಮೆ, ಅದೂ ದೇವರ ನೆಪದಲ್ಲಿ ಹೋಗುತ್ತಿದ್ದರು. ಈಗ ಎರಡು ದಿನ ರಜೆ ಸಿಕ್ಕಿತೆಂದರೆ ಊರಿಗೆ ಊರೇ ಘಟ್ಟ ಇಳಿಯುತ್ತದೆ. ಇಳಿದು ಕೇಳುವುದು ಮಾತ್ರ ಯಾರೂ ಹೋಗದ ದಂಡೆಯನ್ನು. ಎಲ್ಲರೂ ಯಾರೂ ಹೋಗದ ಕಡೆಗೇ ಹೊರಟರೆ ಹೇಗೆ ಎಂದು ನಾನು ಕೇಳುವಂತಿಲ್ಲ. ಆ ದಾರಿ ಮಾಡಿಕೊಟ್ಟವನು ನಾನೇ.

ನನ್ನ ಉದ್ಯೋಗವೇ ಅಂಥದಾಗಿತ್ತು. ಶಾಲೆಶಾಲೆಗೆ ಹೋಗಿ ನಕಾಶೆ, ಗೋಲ, ವಿಜ್ಞಾನದ ಚಿತ್ರಪಟಗಳನ್ನು ಮಾರುವುದು. ಮೂವತ್ತು ವರ್ಷ ಮಾತಾಡಿಯೇ ಹೊಟ್ಟೆ ಹೊರೆದೆ. ಮಾತಾಡದಿದ್ದರೆ ಯಾವ ಹೆಡ್ ಮಾಸ್ತರೂ ಗೋಡೆಗೊಂದು ಭಾರತದ ನಕಾಶೆ ತಗಲುಹಾಕುತ್ತಿರಲಿಲ್ಲ. ಹದಿನೈದು ವರ್ಷದ ಹಿಂದಿನ ಮಾತು ಇರಬಹುದು. ಅಂಕೋಲಾ ಮತ್ತು ಕುಮಟಾ ನಡುವಿನ ಒಂದು ಸಣ್ಣ ಶಾಲೆಗೆ ಹೋಗಿದ್ದೆ. ಆರ್ಡರು ಆಗಲಿಲ್ಲ. ಪಾಪ, ಬರಿಗೈಯಲ್ಲಿ ಕಳಿಸುವುದು ಹೇಗೆಂದು ಅಲ್ಲಿಯ ಮಾಸ್ತರು ನನ್ನನ್ನು ಶಾಲೆಯ ಹಿಂದಿನ ಗುಡ್ಡ ಹತ್ತಿಸಿ ಆಚೆ ಇಳಿಸಿದರು. ಅಲ್ಲಿತ್ತು ಆ ದಂಡೆ. ಎರಡೂ ತುದಿಗೆ ಕರಿಬಂಡೆ, ನಡುವೆ ಬಾಗಿದ ಬಿಳಿ ಉಸುಕು, ಹಿಂದೆ ಗಾಳಿಮರಗಳ ಸಾಲು. ಮನುಷ್ಯರ ಹೆಜ್ಜೆ ಅಂತ ಇದ್ದದ್ದು ನಮ್ಮಿಬ್ಬರದು ಮಾತ್ರ. ನಾನು ಬೂಟು ಕಳಚಿ ಅರ್ಧ ತಾಸು ಸುಮ್ಮನೆ ನಿಂತೆ. ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ನನ್ನ ಜೀವನದಲ್ಲಿ ಅದೇ ಮೊದಲಿರಬೇಕು.

ಅದೇ ವಾರ ಅಕ್ಕನಿಗೆ ಹೇಳಿದೆ. ನನ್ನ ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಹಳೇ ಹುಬ್ಬಳ್ಳಿಯ ಸಂದಿಯೊಂದರಲ್ಲಿ ಹಗ್ಗ, ಗೋಣಿಚೀಲದ ಅಂಗಡಿಯವರ ಮನೆಗೆ ಕೊಟ್ಟಿದ್ದು. ಅವಳ ಬಗ್ಗೆ ನಿಮಗೆ ಒಂದು ಸಂಗತಿ ಗೊತ್ತಿರಬೇಕು. ನಮ್ಮ ಹುಟ್ಟೂರು ಗರಗದಲ್ಲಿ, ಹೊಲದಲ್ಲೊಂದು ಬಾವಿಯಿತ್ತು, ಇಳಿಯಲು ಮೆಟ್ಟಿಲಿದ್ದ ದೊಡ್ಡ ಬಾವಿ. ಬಾವಿ ಇದ್ದವರ ಮಕ್ಕಳಿಗೆ ಈಜು ಬರಲೇಬೇಕು, ಹೆಣ್ಣಾಗಲಿ ಗಂಡಾಗಲಿ ಎನ್ನುವುದು ನಮ್ಮ ಅಜ್ಜನ ಕಾಯಿದೆ. ಸೊಂಟಕ್ಕೆ ಹಗ್ಗ ಕಟ್ಟಿ ನಮ್ಮನ್ನು ನೀರಿಗೆ ಇಳಿಸಿದವನು ಅವನೇ. ನಾನು ಹಗ್ಗ ಹಿಡಿದುಕೊಂಡೇ ಅತ್ತೆ. ಅಕ್ಕ ಮೂರನೆಯ ದಿನಕ್ಕೆ ಹಗ್ಗ ಬಿಚ್ಚಿಸಿಕೊಂಡಳು. ಅವಳು ದೊಡ್ಡವಳಾದ ಮೇಲೆ ಹಗಲು ಬಾವಿಗಿಳಿಯುವುದನ್ನು ಅವ್ವ ನಿಲ್ಲಿಸಿದಳು. ಆದರೆ ಮಧ್ಯಾಹ್ನ ಆಳುಗಳು ರೊಟ್ಟಿಗೆ ಕೂತ ಹೊತ್ತು ನೋಡಿ ಅಕ್ಕ ಇಳಿದೇ ಇಳಿಯುತ್ತಿದ್ದಳು. ನೀರಿನ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಕೈಕಾಲು ಆಡಿಸದೆ ತೇಲುವುದು ಅವಳಿಗೆ ಬರುತ್ತಿತ್ತು. ಹಾಗೆ ತೇಲುವವರನ್ನು ನಾನು ಮತ್ತೆ ನೋಡಿಲ್ಲ.

ಮದುವೆಯಾಗಿ ಹುಬ್ಬಳ್ಳಿಗೆ ಬಂದಳು, ಈಜು ಮುಗಿಯಿತು. ಬಾವಿಯಲ್ಲಿ ಬೆಳೆದವಳು ಬ್ಯಾರೆಲ್ಲು, ಕೊಡ, ಬಿಂದಿಗೆ ತುಂಬಿಡುವುದರಲ್ಲೇ ನಲವತ್ತು ವರ್ಷ ಕಳೆದಳು. ತರಕಾರಿ ತೊಳೆದ ನೀರು ತುಳಸಿಗೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ. ತಾನು ಮಾತ್ರ ಅರ್ಧ ಬಕೀಟಿನಲ್ಲಿ ಸ್ನಾನ ಮುಗಿಸಿ ಬರುವವಳು. ಅವಳೇನೂ ಗೋಳಾಡಿದವಳಲ್ಲ. ಇವೆಲ್ಲ ನಮ್ಮೂರಿನಲ್ಲಿ ಎಲ್ಲ ಹೆಂಗಸರೂ ಮಾಡುವ ಕೆಲಸಗಳೇ. ನಾನು ಆ ದಂಡೆಯ ವರ್ಣನೆ ಮುಗಿಸುವವರೆಗೂ ಅವಳು ಹಿಟ್ಟು ಸಾಣಿಸುತ್ತ ಕೂತಿದ್ದಳು. ಆಮೇಲೆ ಒಂದೇ ಮಾತು ಕೇಳಿದಳು.

"ಜನಾ ಇರ್ತಾರೇನು ಅಲ್ಲೆ?"

"ಒಂದು ನಾಯಿ ಸುದ್ದಾ ಇಲ್ಲಕ್ಕಾ."

"ಹಂಗಾದ್ರ ನನ್ನ ಒಮ್ಮೆ ಕರಕೊಂಡು ಹೋಗು. ಈಸಿ ಬರ್ತೇನಿ."

"ಸಮುದ್ರದಾಗ?"

"ಯಾಕ, ಅದು ನೀರಲ್ಲೇನು? ನಾಕು ಮಂದಿ ಮುಂದ ಸೀರಿ ತೋಯಿಸಿಕೊಂಡು ನಿಲ್ಲಾಕ ನನ್ನ ಕಡಿಂದ ಆಗಂಗಿಲ್ಲ. ಯಾರೂ ಇಲ್ಲಂದ್ರ ಬರ್ತೇನಿ. ಯಾರಿಗೂ ಹೇಳಬ್ಯಾಡ ಮತ್ತ, ನಿನ್ನ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕರೆದುಕೊಂಡು ಹೋಗುತ್ತೇನೆ ಎಂದೂ ಕೊಟ್ಟೆ. ಎರಡನ್ನೂ ಮನಸ್ಸಿಟ್ಟೇ ಕೊಟ್ಟಿದ್ದೆ. ಆದರೆ ಒಂದು ವರ್ಷ ಅವಳ ಅತ್ತೆ ಹಾಸಿಗೆ ಹಿಡಿದರು, ಇನ್ನೊಂದು ವರ್ಷ ಸೊಸೆಯ ಬಾಣಂತನ, ಮತ್ತೊಂದು ವರ್ಷ ನನ್ನದೇ ಏನೋ ತಕರಾರು. ಹೋಗೋಣ, ಹೋಗೋಣ ಎನ್ನುತ್ತಲೇ ವರ್ಷಗಳು ಉರುಳಿದವು. ಸಮುದ್ರ ಎಲ್ಲಿ ಓಡಿಹೋಗುತ್ತದೆ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು.

ಈ ನಡುವೆ ನನ್ನ ಬಾಯಿ ಸುಮ್ಮನಿರಲಿಲ್ಲ. ಮೊದಲು ಹೇಳಿದ್ದು ಕ್ಷೌರದಂಗಡಿಯಲ್ಲಿ. ಅಲ್ಲಿ ಯಾರೋ ಗೋವಾದ ದಂಡೆಗಳನ್ನು ಹೊಗಳುತ್ತಿದ್ದರು, ನನಗೆ ತಡೆಯಲಾಗಲಿಲ್ಲ. ಆಮೇಲೆ ಧಾರವಾಡದಲ್ಲೊಂದು ಮದುವೆಯ ಪಂಕ್ತಿಯಲ್ಲಿ. ನಿವೃತ್ತನಾದ ಮೇಲೆ ನಮ್ಮ ದೇಶಪಾಂಡೆ ನಗರದ ವಾಕಿಂಗ್ ಬಳಗದಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ದಂಡೆಯಿಂದಲೇ ಬಂದದ್ದು ಎಂದರೂ ನಡೆದೀತು. ನಕಾಶೆ ಮಾರಿದವನಲ್ಲವೇ, ಕಾಗದ ಸಿಕ್ಕರೆ ದಾರಿಯನ್ನು ಬರೆದು ಕೂಡ ಕೊಡುತ್ತಿದ್ದೆ. ಶಾಲೆ ಇಲ್ಲಿ, ಗುಡ್ಡ ಇಲ್ಲಿ, ಎಡಕ್ಕೆ ತಿರುಗಿ. ಪ್ರತಿಸಲವೂ ಕೊನೆಗೆ "ಯಾರಿಗೂ ಹೇಳಬ್ಯಾಡ್ರಿ" ಎಂದು ಸೇರಿಸುತ್ತಿದ್ದೆ. ಹಾಗೆಂದ ಮೇಲೆ ನನ್ನ ಕರ್ತವ್ಯ ಮುಗಿಯಿತೆಂದು ನನಗೆ ಖರೇ ಅನಿಸುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೇ ಆಯಿತು. ಯಾರೋ ವಿಡಿಯೋ ಹಾಕಿದರು. ಗುಡ್ಡದ ಕಾಲುದಾರಿ ಕಚ್ಚಾ ರಸ್ತೆಯಾಯಿತು. ಗಾಳಿಮರದ ಕೆಳಗೆ ಚಹಾದ ಗುಡಿಸಲು ಬಂತು, ಪಕ್ಕದಲ್ಲಿ ಬಾಡಿಗೆಯ ಟೆಂಟುಗಳು ಬಂದವು. ಎರಡು ವರ್ಷದ ಹಿಂದೆ ಒಬ್ಬನೇ ಹೋಗಿ ಕಣ್ಣಾರೆ ನೋಡಿ ಬಂದೆ. ಸಾಲಾಗಿ ನಿಂತ ಕಾರುಗಳ ನಂಬರೆಲ್ಲ ನಮ್ಮ ಜಿಲ್ಲೆಯವೇ. ಬಂಡೆಯ ಸಂದಿಯಲ್ಲಿ ಚುರುಮುರಿಯ ಖಾಲಿ ಚೀಲ ಸಿಕ್ಕಿಕೊಂಡಿತ್ತು, ಅದರ ಮೇಲೆ ನಮ್ಮ ಓಣಿಯ ಅಂಗಡಿಯ ಹೆಸರಿತ್ತು. ಬಹಳ ಬೇಸರವಾಯಿತು. ಅಕ್ಕನಿಗೆ ಮಾತ್ರ ಇದನ್ನು ಹೇಳಲಿಲ್ಲ. ಹೇಳಬಾರದ್ದನ್ನೆಲ್ಲ ಹೇಳಿ, ಹೇಳಬೇಕಾದ ಒಂದನ್ನು ನುಂಗಿಕೊಂಡೆ.

ಕಳೆದ ಚಳಿಗಾಲದಲ್ಲಿ ಅಕ್ಕನ ಎರಡೂ ಮೊಣಕಾಲು ಕೈಕೊಟ್ಟವು. ಡಾಕ್ಟರು ಆಪರೇಷನ್ ಆಗಲೇಬೇಕು ಎಂದರು. ಅವಳ ತಲೆಯಲ್ಲಿ ಏನು ಕೂತಿತೋ, ಲೋಹದ ಮೊಣಕಾಲು ಹಾಕಿದ ಮೇಲೆ ಮನುಷ್ಯ ನೀರಿನಲ್ಲಿ ತೇಲುವುದಿಲ್ಲ, ಕಲ್ಲಿನ ಹಾಗೆ ಮುಳುಗುತ್ತಾನೆ ಎಂದು ನಂಬಿಬಿಟ್ಟಳು. ಯಾರು ಹೇಳಿದರೂ ಕೇಳಲಿಲ್ಲ. ಒಂದು ದಿನ ನನ್ನನ್ನು ಕರೆಸಿದಳು.

"ಕಾಲು ಕೊಯ್ಯೂದ್ರೊಳಗ ನನ್ನ ಅಲ್ಲಿಗೆ ಕರಕೊಂಡು ಹೋಗು ತಮ್ಮಾ. ಹದಿನೈದು ವರ್ಷಾತು ಹೇಳಾಕತ್ತಿ."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬುಧವಾರ ಹೋದರೆ ಯಾರೂ ಇರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದೆ. ರಜೆಯಿಲ್ಲ, ಹಬ್ಬವಿಲ್ಲ, ವಾರದ ನಡುವಿನ ದಿನ. ಬೆಳಗಿನ ಐದಕ್ಕೆ ಹೊರಟೆವು. ಅಕ್ಕ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡಿದ್ದಳು. ಇನ್ನೊಂದು ಗಂಟಿನಲ್ಲಿ ಹಳೆಯ ನೂಲಿನ ಸೀರೆ, ಟವೆಲ್ಲು. ಜಮಖಾನ ನನ್ನ ಹೆಂಡತಿ ಹಾಕಿದ್ದು. ಘಟ್ಟ ಇಳಿಯುವಾಗ ಅಕ್ಕ ಕಿಟಕಿ ಇಳಿಸಿ, "ಉಪ್ಪಿನ ಗಾಳಿ ಬರಾಕತ್ತೇತಿ" ಎಂದಳು. ಉಪ್ಪಿನ ಗಾಳಿಗೆ ಇನ್ನೂ ಮೂವತ್ತು ಮೈಲಿಯಿತ್ತು. ನಾನು ಹೂಂ ಎಂದೆ.

ಗುಡ್ಡ ಇಳಿದು ಗಾಳಿಮರಗಳ ಹತ್ತಿರ ಬಂದರೆ ಎರಡು ಟೆಂಪೊ ನಿಂತಿವೆ. ದಂಡೆಯ ತುಂಬ ಜನ. ಸ್ಪೀಕರಿನಲ್ಲಿ ಹಾಡು, ದೊಡ್ಡ ಪರಾತದಲ್ಲಿ ಚುರುಮುರಿ ಹಾಕಿ ಗಿರ್ಮಿಟ್ಟು ಕಲಸುತ್ತಿರುವ ಹೆಂಗಸರು. ನನ್ನ ಕಾರು ಕಂಡದ್ದೇ ಒಬ್ಬರು ಕೈಯೆತ್ತಿ ಓಡಿಬಂದರು. ನಮ್ಮ ವಾಕಿಂಗ್ ಬಳಗದ ನಿವೃತ್ತ ಓವರಸಿಯರು. ಹೌದು, ನಮ್ಮದೇ ಬಳಗ, ಮಕ್ಕಳು ಮೊಮ್ಮಕ್ಕಳ ಸಮೇತ. ನಿವೃತ್ತರಿಗೆ ಬುಧವಾರ ಯಾವುದು, ರವಿವಾರ ಯಾವುದು ಎನ್ನುವುದು ನನ್ನ ಲೆಕ್ಕದಲ್ಲಿ ಬಂದೇ ಇರಲಿಲ್ಲ. ಗ್ರೂಪಿನಲ್ಲಿ ನಾಲ್ಕು ದಿನದಿಂದ ಇದೇ ಚರ್ಚೆಯಂತೆ, ನಾನು ನೋಡಿರಲಿಲ್ಲ.

ಓವರಸಿಯರು ಕಿಟಕಿಯೊಳಗೆ ತಲೆ ಹಾಕಿ ಅಕ್ಕನಿಗೆ ನಮಸ್ಕಾರ ಮಾಡಿದರು. "ಅಕ್ಕಾರ, ಈ ದಂಡಿ ಹುಡುಕಿ ಕೊಟ್ಟಾವ್ರು ನಿಮ್ಮ ತಮ್ಮನ ನೋಡ್ರಿ. ಇಡೀ ಹುಬ್ಬಳ್ಳಿಗೆ ಇವರ ಹೇಳ್ಯಾರ್ರಿ. ನನಗಂತೂ ನಕಾಶೆ ಬರದು ಕೊಟ್ಟಿದ್ರು."

ಅವರು ಹೋದ ಮೇಲೆ ಕಾರಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಸ್ಟೇರಿಂಗು ನೋಡುತ್ತ ಕೂತೆ.

"ಹೇಳಿದ್ದಿ?" ಎಂದಳು ಅಕ್ಕ.

"ಹೇಳಿದ್ನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀರೆಯ ಗಂಟನ್ನು ತೊಡೆಯ ಮೇಲಿಂದ ತೆಗೆದು ಕಾಲ ಹತ್ತಿರ ಇಟ್ಟಳು. "ಆತು ಬಿಡು. ಸಮುದ್ರಾ ನೋಡಿದಂಗಾತಲ್ಲ. ರೊಟ್ಟಿ ತಿಂದು ಹೊಳ್ಳಿ ಹೋಗೂಣು" ಎಂದಳು. ಅರವತ್ತೆಂಟು ವರ್ಷದವಳು, ಯಾರಿಂದಲೂ ಏನನ್ನೂ ಬೇಡದವಳು, ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಇದೊಂದು.

ದಂಡೆಯ ದೂರದ ತುದಿಯಲ್ಲಿ, ಕರಿಬಂಡೆಯ ಆಚೆ, ಯಾರೂ ಇದ್ದಂತೆ ಕಾಣಲಿಲ್ಲ. ಆದರೆ ಅಷ್ಟು ದೂರ ಉಸುಕಿನಲ್ಲಿ ನಡೆಯಲು ಅವಳ ಮೊಣಕಾಲಿಗೆ ಆಗುವಂತಿರಲಿಲ್ಲ. ಕಾರನ್ನೇ ಬಂಡೆಯವರೆಗೆ ಒಯ್ಯುತ್ತೇನೆ ಎಂದೆ. ಚಹಾದ ಗುಡಿಸಲಿನವನು ಓಡಿಬಂದು, "ಒಣ ಹೊಯ್ಗೆಗೆ ಇಳಿಸಬೇಡಿ ಮಾರಾಯ್ರೇ, ನೀರ ಹತ್ತಿರ ಹಸಿ ಇದ್ದಲ್ಲಿ ಹೋಗಿ, ಅದು ಗಟ್ಟಿ" ಎಂದ. ನನಗೆ ನಗು ಬಂತು. ನಾನು ಎರೆಹೊಲದಲ್ಲಿ ಹುಟ್ಟಿದವನು. ಗರಗದ ಕರಿಮಣ್ಣು ಬೇಸಿಗೆಯಲ್ಲಿ ಕಲ್ಲು, ಅದರ ಮೇಲೆ ಲಾರಿ ಕೂಡ ಓಡಿಸಬಹುದು. ನಾಲ್ಕು ಹನಿ ಬಿತ್ತೋ, ಎತ್ತಿನ ಗಾಡಿಯೂ ಅಚ್ಚಿನವರೆಗೆ ಹುಗಿಯುತ್ತದೆ. ಹಸಿ ನೆಲಕ್ಕೆ ಗಾಡಿ ಇಳಿಸಬಾರದು ಎನ್ನುವುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅಕ್ಕ ಕೂಡ, "ಒಣಾ ಇದ್ದಲ್ಲೇ ಹೋಗೋ, ಅವನ ಮಾತು ಕೇಳಬ್ಯಾಡ" ಎಂದಳು. ಗರಗದವರಿಬ್ಬರೂ ಒಮ್ಮತದಿಂದ ಒಣ ಉಸುಕಿಗೆ ಇಳಿದೆವು.

ಅರ್ಧ ದಾರಿಯಲ್ಲಿ ಕಾರು ಕೂತುಬಿಟ್ಟಿತು. ಎಕ್ಸಲರೇಟರ್ ಒತ್ತಿದೆ, ಇನ್ನಷ್ಟು ಕೂತಿತು. ಇಳಿದು ನೋಡಿದರೆ ಮುಂದಿನ ಗಾಲಿಗಳು ಅರ್ಧ ಮುಚ್ಚಿಹೋಗಿದ್ದವು. ಅಕ್ಕ ಕೋಲು ಊರಿಕೊಂಡು ಇಳಿದಳು, ಗಂಟು ಕೈಗೆ ತೆಗೆದುಕೊಂಡಳು. "ನೀ ಗಾಡಿ ನೋಡು, ನಾ ಹಿಂಗ ಒಂದೀಟು ಅಡ್ಡಾಡ್ತೇನಿ" ಎಂದು ನೀರಿನ ಕಡೆ ಹೊರಟಳು. ಹಸಿ ಉಸುಕಿಗೆ ಕಾಲಿಟ್ಟವಳು ಒಮ್ಮೆ ಕೋಲಿನಿಂದ ನೆಲ ಬಡಿದು ನೋಡಿದಳು. ಆಮೇಲೆ ನಾನೂ ತುಳಿದು ನೋಡಿದೆ, ಅದು ಓಣಿಯ ಡಾಂಬರಿನ ಹಾಗೆ ಗಟ್ಟಿಯಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇನ್ನು ಜನ. ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತೇ ಇದೆ. ಒಬ್ಬರ ಗಾಡಿ ಸಿಕ್ಕಿಕೊಂಡರೆ ಹತ್ತು ಜನ ಕೈ ಹಚ್ಚುತ್ತಾರೆ, ಇಪ್ಪತ್ತು ಜನ ಬುದ್ಧಿ ಹೇಳುತ್ತಾರೆ, ಉಳಿದವರು ನಿಂತು ನೋಡುತ್ತಾರೆ. ಸ್ಪೀಕರು ನಿಂತಿತು. ಗಿರ್ಮಿಟ್ಟಿನ ಪರಾತವನ್ನೂ ಬಿಟ್ಟು ಹೆಂಗಸರು ಬಂದರು. ಟೆಂಟಿನಲ್ಲಿದ್ದ ಹುಡುಗರು ಫೋನು ಹಿಡಿದು ಬಂದರು. ಓವರಸಿಯರು ಪ್ಯಾಂಟು ಮಡಚಿ ಮುಖಂಡತ್ವ ವಹಿಸಿದರು. "ಹಿಂದ ನೂಕ್ರಿ." "ಮುಂದ ನೂಕ್ರಿ." "ಗಿಡದ ತಪ್ಪಲಾ ಹಾಕ್ರಿ ಗಾಲಿ ಬುಡಕ, ನಮ್ಮ ಹೊಲದಾಗ ಹಂಗ ಮಾಡ್ತೇವಿ." ಗಾಳಿಮರದ ಸೊಪ್ಪು ಮುರಿದು ಹಾಕಿದರು, ಜಮಖಾನ ಹಾಸಿದರು, ಮೊಮ್ಮಕ್ಕಳು ಗಿರ್ಮಿಟ್ಟಿನ ತಾಟುಗಳಿಂದ ಉಸುಕು ತೋಡಿದರು. ದಂಡೆಯ ಮೇಲಿದ್ದ ಅಷ್ಟೂ ಜನ ಸಮುದ್ರಕ್ಕೆ ಬೆನ್ನು ಹಾಕಿ ನನ್ನ ಹಳೆಯ ಕಾರನ್ನು ನೋಡುತ್ತ ನಿಂತರು. ನಾನೂ ಅವರ ನಡುವೆಯೇ ಬೆವರು ಸುರಿಸುತ್ತ ನೂಕುತ್ತಿದ್ದೆ. ಕಡೆಗೆ ಚಹಾದವನೇ ಬಂದ. ಮಾತಿಲ್ಲದೆ ಕೂತು ನಾಲ್ಕೂ ಗಾಲಿಗಳ ಗಾಳಿ ಅರ್ಧ ಇಳಿಸಿದ, ಕಾರು ಎದ್ದು ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಇಷ್ಟಾಗುವ ಹೊತ್ತಿಗೆ ಒಂದು ತಾಸಿನ ಮೇಲಾಗಿತ್ತು.

ಆಗ ಅಕ್ಕನ ನೆನಪಾಯಿತು. ದಂಡೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ, ಎಲ್ಲಿಯೂ ಇಲ್ಲ. ನೀರು ನಾವು ಬಂದಾಗ ಇದ್ದದ್ದಕ್ಕಿಂತ ಹತ್ತಿರ ಬಂದಿತ್ತು. ಬಾವಿಯಲ್ಲಿ ಅಲೆಯಿರುವುದಿಲ್ಲ, ಸೆಳೆತವಿರುವುದಿಲ್ಲ, ಅವಳು ಈಜು ಬಿಟ್ಟು ಎಷ್ಟು ವರ್ಷವಾಯಿತು, ಆ ಮೊಣಕಾಲು ಬೇರೆ. ಇವೆಲ್ಲ ಓಡುವಾಗಲೇ ತಲೆಗೆ ಬಂದವು.

ಕರಿಬಂಡೆ ಸುತ್ತಿ ಆಚೆ ಬಂದರೆ ಅಕ್ಕ ಒಂದು ಕಲ್ಲಿನ ಮೇಲೆ ಕೂತಿದ್ದಳು. ಗಂಟಿನಲ್ಲಿದ್ದ ಒಣ ಸೀರೆ ಮೈಮೇಲಿತ್ತು, ಉಟ್ಟು ಬಂದ ಸೀರೆಯನ್ನು ಹಿಂಡಿ ಬಂಡೆಗೆ ಹರವಿದ್ದಳು. ಬಿಳಿಗೂದಲು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಕನ್ನಡಕವನ್ನು ಟವೆಲ್ಲಿನ ತುದಿಯಿಂದ ಒರೆಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಉಸುಕಿನ ಮೇಲೆ ಕೂತೆ.

"ಗಾಡಿ ಬಂತೇನು?" ಎಂದಳು.

"ಬಂತು."

"ಇನ್ನೊಂದೀಟು ಹೊತ್ತು ಸಿಕ್ಕೊಂಡಿದ್ರ ಛಲೋ ಇತ್ತು."

ಕಾರಿನಿಂದ ರೊಟ್ಟಿಯ ಗಂಟು ತಂದು ಅಲ್ಲಿಯೇ ತಿಂದೆವು. ಮರಳಿ ಬರುವಾಗ ಅವಳು ಘಟ್ಟದುದ್ದಕ್ಕೂ ನಿದ್ದೆ ಹೋದಳು. ನಾನು ಒಬ್ಬನೇ ಗಾಡಿ ಹೊಡೆಯುತ್ತ, ಅಷ್ಟು ದೂರ ಕರೆದುಕೊಂಡು ಹೋದವನು ನಾನು, ಅವಳು ನೀರಿಗಿಳಿದದ್ದನ್ನು ನಾನೇ ನೋಡಲಿಲ್ಲವಲ್ಲ ಎಂದು ಮರುಗಿದೆ. ಅದೇ ಹೊತ್ತಿಗೆ, ಯಾರೂ ನೋಡಲಿಲ್ಲ ಎನ್ನುವುದು ಸಮಾಧಾನವನ್ನೂ ಕೊಟ್ಟಿತು.

ಮಾಳಿಗೆಯ ಬಿಸಿಲು ಟಾಕಿಯ ನೆರಳನ್ನು ತಿಂದುಹಾಕಿತ್ತು. ಎದ್ದು ಕೆಳಗಿಳಿದು ಹಳೇ ಹುಬ್ಬಳ್ಳಿಗೆ ಹೋದೆ. ಆಪರೇಷನ್ ಆಗಿ ಎರಡು ತಿಂಗಳಾದವು. ಅಕ್ಕ ವಾಕರ್ ಹಿಡಿದು ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ನೋವಿಗೆ ತುಟಿ ಕಚ್ಚಿಕೊಂಡಿದ್ದಳು. ಅವಳು ನಿಂತು ಸುಧಾರಿಸಿಕೊಳ್ಳುವಾಗ ಇಷ್ಟು ದಿನ ಕೇಳದ್ದನ್ನು ಕೇಳಿದೆ.

"ಅಕ್ಕಾ, ಅವತ್ತು ಖರೇನ ಈಸಿದಿ? ಬಾವ್ಯಾಗ ಮಲಗತಿದ್ದ್ಯಲ್ಲಾ, ಹಂಗ ತೇಲಾಕ ಬಂತೇನು?"

ಅಕ್ಕ ನನ್ನ ಮುಖ ನೋಡಿದಳು. ಕಚ್ಚಿದ್ದ ತುಟಿ ಬಿಟ್ಟಳು, ಅವಳಿಗೆ ನಗು ಬಂತು.

"ನಿನಗ ಹೇಳಂಗಿಲ್ಲ."

"ಯಾಕ?"

"ನೀ ಊರಿಗೆಲ್ಲಾ ಹೇಳ್ತಿ."

ಮತ್ತೆ ವಾಕರ್ ಎತ್ತಿಟ್ಟು ಆಚೆಯ ಗೋಡೆಯ ಕಡೆ ಹೊರಟಳು. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಯಾರೋ ದಾರಿ ಕೇಳುವವರೇ ಇರಬೇಕು, ತೆಗೆಯಲಿಲ್ಲ. ಗುಡ್ಡ, ಬಂಡೆ, ಗಾಳಿಮರ, ಎಲ್ಲವನ್ನೂ ನಾನು ಹೇಳಿ ಮುಗಿಸಿದ್ದೇನೆ. ಆ ಒಂದು ತಾಸು ಅವಳಿಗೆ ಹೇಗಿತ್ತು ಎನ್ನುವುದು ನನಗೆ ಗೊತ್ತಿಲ್ಲ. ಆ ದಂಡೆಯಲ್ಲಿ ನಾನು ಹಾಳು ಮಾಡದೆ ಉಳಿದದ್ದು ಅದೊಂದೇ.